ಕರಾವಳಿಯ ಸೆಕೆಗೆ ತೊಡುವ ತಂಪು: ಯಾವುದನ್ನು ಕೊಳ್ಳಬೇಕು, ಹೇಗೆ ಬಳಸಬೇಕು

ಮಾರ್ಚ್ ತಿಂಗಳು ಕಾಲಿಟ್ಟರೆ ಸಾಕು, ಒಂದೇ ಪ್ರಶ್ನೆ ಹಲವರಿಂದ ಬರತೊಡಗುತ್ತದೆ. ಬೈಕಂಪಾಡಿಯ ಗೋದಾಮಿನ ಅಂಗಳದಲ್ಲಿ ಲಾರಿಗಳ ಲೆಕ್ಕ ಬರೆಯುವವರು, ಹಂಪನಕಟ್ಟೆಯಿಂದ ಕದ್ರಿಗೆ ಊಟದ ಪೊಟ್ಟಣ ತಲುಪಿಸುವವರು, ಮಲ್ಪೆ ಬಂದರಿನಲ್ಲಿ ಮೀನು ಇಳಿಸುವವರು, ಮಣಿಪಾಲದ ಕಟ್ಟಡಗಳ ಮೇಸ್ತ್ರಿಗಳು ಎಲ್ಲರೂ ಕೇಳುವುದು ಇದನ್ನೇ: ಮೈಮೇಲೆ ತೊಡುವ ತಂಪಿನ ಅಂಗಿ, ಕುತ್ತಿಗೆಗೆ ಹಾಕುವ ಫ್ಯಾನ್, ಒದ್ದೆ ಮಾಡಿ ಹೊದೆಯುವ ಟವೆಲ್ ಇವುಗಳಿಂದ ನಿಜಕ್ಕೂ ಪ್ರಯೋಜನವಿದೆಯೇ?

ಇದೆ. ಆದರೆ ಜಾಹೀರಾತು ಹೇಳುವ ವಸ್ತುವೆಲ್ಲ ನಮ್ಮ ಊರಿಗೆ ಹೊಂದುವುದಿಲ್ಲ. ಕಲಬುರಗಿಯಲ್ಲಿ ಚೆನ್ನಾಗಿ ಕೆಲಸ ಮಾಡುವ ಸಾಧನ ಮಂಗಳೂರಿನಲ್ಲಿ ಒದ್ದೆ ಬಟ್ಟೆಯ ಭಾರವಾಗಿ ಉಳಿಯಬಹುದು. ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಬರೀ ನೀರು ಆರುವುದನ್ನು ನಂಬಿದ ಸಾಧನಕ್ಕೆ ಇಲ್ಲಿ ಹಣ ಹಾಕಬೇಡಿ. ಗಾಳಿ ಕೊಡುವ ಸಾಧನವನ್ನೋ, ತಂಪನ್ನು ಮೊದಲೇ ತುಂಬಿಕೊಂಡಿರುವ ಸಾಧನವನ್ನೋ ಆರಿಸಿ. ಕೊಳ್ಳುವುದರಿಂದ ಹಿಡಿದು ಮಳೆಗಾಲದಲ್ಲಿ ಎತ್ತಿಡುವವರೆಗೆ ಏನೇನು ಮಾಡಬೇಕು ಎಂಬುದನ್ನು ಹಂತ ಹಂತವಾಗಿ ಮುಂದೆ ಬರೆದಿದ್ದೇನೆ.

ಹಂತ 1: ನಿಮ್ಮ ಜಾಗದ ಸೆಕೆಯನ್ನು ಅಳೆಯಿರಿ

ನಮ್ಮ ಮೈ ತಣಿಯುವುದು ಮುಖ್ಯವಾಗಿ ಬೆವರು ಆರುವುದರಿಂದ. ಬೆವರು ಹರಿದರೆ ಸಾಲದು, ಆರಬೇಕು. ಗಲ್ಲದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಮೈಯಿಂದ ನೀರನ್ನೂ ಉಪ್ಪನ್ನೂ ಒಯ್ಯುತ್ತದೆಯೇ ಹೊರತು ಶಾಖವನ್ನು ಒಯ್ಯುವುದಿಲ್ಲ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಬೆವರು ಆರುವುದು ನಿಧಾನವಾಗುತ್ತದೆ. ಕರಾವಳಿಯಲ್ಲಿ 34 ಡಿಗ್ರಿಯೇ ಮೈಯನ್ನು ಹಿಂಡುವುದು ಇದರಿಂದ. ಭಾರತೀಯ ಹವಾಮಾನ ಇಲಾಖೆ ಕೂಡ ಬಿಸಿಗಾಳಿಯನ್ನು ಘೋಷಿಸಲು ಬಯಲುಸೀಮೆಗೆ 40 ಡಿಗ್ರಿಯ ಮಿತಿ ಇಟ್ಟರೆ ಕರಾವಳಿಗೆ 37 ಡಿಗ್ರಿಯ ಮಿತಿ ಇಟ್ಟಿದೆ. ಆ ದಿನದ ತಾಪಮಾನ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು ಎಂಬ ಷರತ್ತು ಅದರ ಜೊತೆಗಿದೆ.

ಮೊಬೈಲಿನ ಹವಾಮಾನ ಆಪ್‌ನಲ್ಲಿ ತಾಪಮಾನದೊಂದಿಗೆ ಆರ್ದ್ರತೆಯನ್ನೂ ನೋಡುವ ಅಭ್ಯಾಸ ಮಾಡಿಕೊಳ್ಳಿ. ಆರ್ದ್ರತೆ ಎಂದರೆ ಆ ಬಿಸಿಯಲ್ಲಿ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ತೇವದಲ್ಲಿ ಶೇಕಡಾ ಎಷ್ಟು ಈಗಾಗಲೇ ತುಂಬಿದೆ ಎಂಬ ಲೆಕ್ಕ.

ಇದಕ್ಕಿಂತ ಒಳ್ಳೆಯ ಪರೀಕ್ಷೆಯೊಂದು ಮನೆಯಲ್ಲೇ ಆಗುತ್ತದೆ. ಕೋಣೆಯ ತಾಪಮಾನ ತೋರಿಸುವ ಸಾಮಾನ್ಯ ಥರ್ಮಾಮೀಟರ್ ತೆಗೆದುಕೊಳ್ಳಿ. ಜ್ವರ ನೋಡುವುದು ಆಗದು. ಅದರ ತುದಿಗೆ ತೆಳ್ಳಗಿನ ಹತ್ತಿ ಬಟ್ಟೆಯ ಚೂರನ್ನು ಸುತ್ತಿ, ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಹಿಡಿದು ಐದು ನಿಮಿಷ ಜೋರಾಗಿ ಗಾಳಿ ಬೀಸಿ. ಪಾದರಸವೋ ಬಣ್ಣದ ದ್ರವವೋ ಇಳಿಯುತ್ತಾ ಇಳಿಯುತ್ತಾ ಒಂದು ಕಡೆ ನಿಂತುಬಿಡುತ್ತದೆ. ಆ ಅಂಕಿಯನ್ನು ತೇವಬಲ್ಬ್ ತಾಪಮಾನ ಎನ್ನುತ್ತಾರೆ. ನೀರು ಆರುವುದರಿಂದ ಯಾವ ಬಟ್ಟೆಯೂ ಅದಕ್ಕಿಂತ ತಣ್ಣಗಾಗಲಾರದು. 42 ಡಿಗ್ರಿ ಬಿಸಿ, ಶೇಕಡಾ 15 ಆರ್ದ್ರತೆ ಇರುವ ಬಯಲುಸೀಮೆಯ ಮಧ್ಯಾಹ್ನದಲ್ಲಿ ಅದು ಸುಮಾರು 22ಕ್ಕೆ ಇಳಿಯುತ್ತದೆ. 34 ಡಿಗ್ರಿ ಬಿಸಿ, ಶೇಕಡಾ 70 ಆರ್ದ್ರತೆ ಇರುವ ನಮ್ಮ ಮೇ ತಿಂಗಳಿನಲ್ಲಿ 29ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮಣ್ಣಿನ ಹೂಜಿಯ ನೀರು ಘಟ್ಟದ ಮೇಲೆ ತಣ್ಣಗಾದಷ್ಟು ಇಲ್ಲಿ ತಣ್ಣಗಾಗದಿರುವುದಕ್ಕೂ ಇದೇ ಕಾರಣ.

ನಿಮ್ಮ ಕೆಲಸದ ಜಾಗದಲ್ಲಿ, ಕೆಲಸದ ಹೊತ್ತಿನಲ್ಲಿ ಅಳೆಯಿರಿ. ಅಂಕಿ 24ಕ್ಕಿಂತ ಕೆಳಗಿದ್ದರೆ ಒದ್ದೆ ಬಟ್ಟೆಯ ಸಾಧನಗಳು ಸಾಕು. 27 ದಾಟಿದರೆ ಅವುಗಳಿಂದ ಹೆಚ್ಚಿನದನ್ನು ನಿರೀಕ್ಷಿಸಬೇಡಿ.

ಒಂದು ವಿಷಯ ನೆನಪಿರಲಿ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಘಟ್ಟದ ಕಡೆಯಿಂದ ಒಣ ಮೂಡಣ ಗಾಳಿ ಬೀಸಿ, ಕಡಲಗಾಳಿ ಒಳನುಗ್ಗುವುದು ತಡವಾದ ದಿನ ತಾಪಮಾನ ತಟ್ಟನೆ ಏರುತ್ತದೆ, ಆರ್ದ್ರತೆ ಇಳಿಯುತ್ತದೆ. ಅಂಥ ಹೊತ್ತಿನಲ್ಲಿ ಒದ್ದೆ ಬಟ್ಟೆ ಇಲ್ಲಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಮಾರ್ಚ್‌ನ ಆ ಅನುಭವವನ್ನು ನಂಬಿ ಮೇ ತಿಂಗಳಿಗೆಂದು ಕೊಳ್ಳುವುದು ನಮ್ಮಲ್ಲಿ ಎಲ್ಲರೂ ಎಡವುವ ಜಾಗ.

ಹಂತ 2: ಸಾಧನಗಳ ಬಗೆಯನ್ನು ಗುರುತಿಸಿ

ಅಂಗಡಿಯಲ್ಲಿ ಹೆಸರು ಹತ್ತಾರು ಇರಬಹುದು, ಕೆಲಸ ಮಾಡುವ ವಿಧಾನ ನಾಲ್ಕೇ.

*ನೀರು ಆರಿಸುವ ಬಗೆ.* ನೆನೆಸಿ ಹಿಂಡಿ ತೊಡುವ ವೆಸ್ಟ್, ತಂಪು ಟವೆಲ್, ಒಳಗೆ ಹರಳು ತುಂಬಿದ ಕುತ್ತಿಗೆ ಪಟ್ಟಿ ಇವೆಲ್ಲ ಈ ಗುಂಪಿನವು. ಬಂದರಿನ ದಕ್ಕೆಯಲ್ಲಿ ಬುಟ್ಟಿ ಹೊರುವವರ ಹೆಗಲ ಮೇಲಿನ ಬೈರಾಸನ್ನು, ಅಂದರೆ ಟವೆಲನ್ನು, ಗಮನಿಸಿ ನೋಡಿ. ಬೆಳಿಗ್ಗೆ ನೆನೆಸಿದ್ದು ಗಂಟೆ ಕಳೆದರೂ ಒದ್ದೆಯಾಗಿಯೇ ಇರುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ. ದುಬಾರಿ ವೆಸ್ಟ್‌ಗೂ ನಿಂತ ಗಾಳಿಯಲ್ಲಿ ಇದೇ ಗತಿ. ಅಲ್ಲದೆ ದಪ್ಪನೆಯ ಒದ್ದೆ ಪದರ ಮೈಯನ್ನು ಮುಚ್ಚಿ, ಇದ್ದ ಸ್ವಲ್ಪ ಬೆವರೂ ಆರದಂತೆ ತಡೆಯುತ್ತದೆ. ಹರಳಿನ ಪಟ್ಟಿಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ನೀರು ಹೀರಿ ಲೋಳೆಯಂತೆ ಉಬ್ಬುವ ಆ ಹರಳು ನಮ್ಮ ಹವೆಯಲ್ಲಿ ಪೂರ್ತಿ ಒಣಗುವುದೇ ಇಲ್ಲ, ಕೆಲವೇ ದಿನಗಳಲ್ಲಿ ವಾಸನೆ ಹಿಡಿಯುತ್ತದೆ. ಈ ಗುಂಪಿನಲ್ಲಿ ಇಲ್ಲಿಗೆ ಹೊಂದುವುದು ತೆಳ್ಳಗಿನದು ಮಾತ್ರ: ಪಾಣಿಪಂಚೆ, ತೆಳು ತೋಳುಗವಸು. ಅದೂ ಗಾಳಿ ಆಡುತ್ತಿರುವಾಗ.

*ಗಾಳಿ ಬೀಸುವ ಬಗೆ.* ಕುತ್ತಿಗೆಗೆ ಹಾಕುವ ಫ್ಯಾನ್, ಸೊಂಟಕ್ಕೆ ಸಿಕ್ಕಿಸುವ ಫ್ಯಾನ್, ಬೆನ್ನಿನ ಕೆಳಭಾಗದಲ್ಲಿ ಎರಡು ಫ್ಯಾನ್ ಕೂರಿಸಿದ ಜಾಕೆಟ್. ಈ ಜಾಕೆಟ್ ಜಪಾನಿನ ಕಟ್ಟಡ ಕೆಲಸಗಾರರಲ್ಲಿ ಬಹಳ ಬಳಕೆಯಲ್ಲಿದೆ. ಅಲ್ಲಿನ ಬೇಸಿಗೆಯೂ ನಮ್ಮ ಹಾಗೆಯೇ ಬೆವರಿಳಿಸುವ ಬೇಸಿಗೆ. ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ. ಮೈಗೆ ಅಂಟಿ ನಿಂತ ತೇವದ ಗಾಳಿಯನ್ನು ತಳ್ಳಿ ಹೊಸ ಗಾಳಿಯನ್ನು ತರುತ್ತದೆ, ಅದರಿಂದ ಬೆವರು ಆರುತ್ತದೆ. ಇಷ್ಟೇ ತಾನೇ ಎನ್ನಬೇಡಿ. ಒಂದು ಲೀಟರ್ ಬೆವರು ಮೈಮೇಲೇ ಆರಿದರೆ ಸುಮಾರು 2,400 ಕಿಲೋಜೂಲ್ ಶಾಖ ಹೋಗುತ್ತದೆ. ಒಂದು ಕಿಲೋ ಐಸ್ ಕರಗಿ, ಆ ನೀರು 30 ಡಿಗ್ರಿಗೆ ಬರುವಷ್ಟರಲ್ಲಿ ಹೀರುವುದು ಸುಮಾರು 460 ಕಿಲೋಜೂಲ್. ಅಂದರೆ ಒಂದು ಲೋಟ ಬೆವರನ್ನು ಆರಿಸಿಕೊಟ್ಟ ಫ್ಯಾನ್ ಒಂದು ಕಿಲೋ ಐಸ್ ಹೊತ್ತಷ್ಟೇ ಉಪಕಾರ ಮಾಡಿತು. ಹಾಗಾಗಿ ಕರಾವಳಿಯಲ್ಲಿ ಮೊದಲ ಹಣ ಹೋಗಬೇಕಾದದ್ದು ಗಾಳಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೊಂದು ಮಿತಿಯಿದೆ. ನಮ್ಮ ಚರ್ಮದ ಬಿಸಿ 34, 35 ಡಿಗ್ರಿಯ ಸುತ್ತ ಇರುತ್ತದೆ. ಹೊರಗಿನ ಗಾಳಿಯೇ 38 ಡಿಗ್ರಿ ದಾಟಿದ ಮೂಡಣ ಗಾಳಿಯ ದಿನ ಒಣ ಮೈಮೇಲೆ ಫ್ಯಾನ್ ಬೀಸಿದರೆ ಬಿಸಿಯನ್ನೇ ಒಳಗೆ ತಳ್ಳಿದಂತಾಗುತ್ತದೆ. ಆ ದಿನ ಒಳಗಿನ ಬನಿಯನ್ನು ನೀರಿನಲ್ಲಿ ಅದ್ದಿ ಹಿಂಡಿ ತೊಟ್ಟುಕೊಂಡು ಫ್ಯಾನ್ ಹಾಕಿ.

*ತಂಪು ತುಂಬಿಟ್ಟ ಬಗೆ.* ಜೇಬುಗಳಲ್ಲಿ ಐಸ್ ಪ್ಯಾಕ್ ಅಥವಾ ಪಿಸಿಎಂ ಪ್ಯಾಕ್ ಇಡುವ ವೆಸ್ಟ್. ಪಿಸಿಎಂ ಎಂದರೆ ನಿಗದಿತ ಬಿಸಿಯಲ್ಲಿ ಕರಗುವ ಮೇಣದಂಥ ಅಥವಾ ಉಪ್ಪಿನಂಥ ವಸ್ತು. 15 ಡಿಗ್ರಿಗೆ ಕರಗುವುದು, 21ಕ್ಕೆ ಕರಗುವುದು, 28ಕ್ಕೆ ಕರಗುವುದು ಹೀಗೆ ಬೇರೆ ಬೇರೆ ಸಿಗುತ್ತವೆ. ಕರಗಿ ಮುಗಿಯುವವರೆಗೂ ಅದು ಅದೇ ಬಿಸಿಯಲ್ಲಿ ನಿಂತು ಮೈಯ ಶಾಖವನ್ನು ಹೀರುತ್ತದೆ. ಹೊರಗಿನ ಆರ್ದ್ರತೆ ಎಷ್ಟೇ ಇದ್ದರೂ ಇದರ ಕೆಲಸ ನಿಲ್ಲುವುದಿಲ್ಲ.

ಯಾವ ಅಂಕಿ ಎಂಬುದೇ ಇಲ್ಲಿ ಮುಖ್ಯ ತೀರ್ಮಾನ. 28 ಡಿಗ್ರಿಯದು ಹಿತವಾಗಿರುತ್ತದೆ, ಆದರೆ ಚರ್ಮಕ್ಕೂ ಅದಕ್ಕೂ ಆರೇಳು ಡಿಗ್ರಿಯ ಅಂತರವಷ್ಟೇ ಇರುವುದರಿಂದ ಭಾರ ಎತ್ತುವ ಕೆಲಸದವರಿಗೆ ಅದರ ತಂಪು ಸಾಲದು. ಐಸ್ ಬಲವಾಗಿ ಹೀರುತ್ತದೆ, ಆದರೆ ಅತಿ ತಂಪು ತಗುಲಿದರೆ ಚರ್ಮದ ರಕ್ತನಾಳಗಳು ಮುದುಡಿ ಒಳಗಿನ ಶಾಖ ಹೊರಗೆ ಬರುವುದೇ ಕಡಿಮೆಯಾಗುತ್ತದೆ. ಜೊತೆಗೆ ಕರಾವಳಿಯದೇ ಒಂದು ತೊಡಕಿದೆ. ಮೇ ತಿಂಗಳಲ್ಲಿ ಇಲ್ಲಿನ ಗಾಳಿಯ ತೇವ ಸುಮಾರು 25 ಡಿಗ್ರಿಯ ಮೇಲ್ಮೈ ಸಿಕ್ಕರೂ ಹನಿಗಟ್ಟುತ್ತದೆ. ಐಸ್ ಪ್ಯಾಕ್‌ನ ಹೊರಮೈ ಬೆವರಿ ಅಂಗಿಯೆಲ್ಲ ತೊಯ್ಯುವುದು ಹೀಗೆ. ತೊಯ್ಯುವುದಕ್ಕಿಂತ ದೊಡ್ಡ ನಷ್ಟ ಇನ್ನೊಂದು: ಒಂದು ಗ್ರಾಂ ತೇವ ಹನಿಗಟ್ಟಿದರೆ ಏಳು ಗ್ರಾಂ ಐಸ್ ಕರಗಿಸುವಷ್ಟು ಶಾಖ ಪ್ಯಾಕ್‌ಗೆ ಸೇರುತ್ತದೆ. ನಿಮ್ಮ ಮೈ ತಣಿಸಬೇಕಾದ ತಂಪು ಹೊರಗಿನ ಗಾಳಿಯ ಪಾಲಾಗುತ್ತದೆ. ಆದ್ದರಿಂದ ಹೊರಮೈಗೆ ಶಾಖ ತಡೆಯುವ ಪದರ ಇರುವ ವೆಸ್ಟ್ ಅನ್ನೇ ಕೊಳ್ಳಿ, ಪ್ಯಾಕ್ 15ರಿಂದ 21 ಡಿಗ್ರಿಯದಾಗಿರಲಿ. ಕುಳಿತು ಮಾಡುವ ಕೆಲಸದವರಿಗೆ, ವಯಸ್ಸಾದವರಿಗೆ 28 ಡಿಗ್ರಿಯದು ಸಾಕು. ಅದು ಬೆವರುವುದೂ ಇಲ್ಲ.

*ವಿದ್ಯುತ್ತಿನಿಂದ ತಣಿಸುವ ಬಗೆ.* ಪೆಲ್ಟಿಯರ್ ಫಲಕ ಎಂಬ ಪುಟ್ಟ ಬಿಲ್ಲೆಗೆ ವಿದ್ಯುತ್ ಹರಿಸಿದರೆ ಒಂದು ಮುಖ ತಣ್ಣಗೆ, ಇನ್ನೊಂದು ಮುಖ ಬಿಸಿಯಾಗುತ್ತದೆ. ತಣ್ಣನೆಯ ಮುಖವನ್ನು ಕುತ್ತಿಗೆಗೆ ಒತ್ತುವ ಪಟ್ಟಿಗಳು ಈಗ ಬಂದಿವೆ. ತಾಗಿದ ಜಾಗದಲ್ಲಿ ಹಾಯೆನಿಸುವುದು ನಿಜ. ಆದರೆ ಬಿಲ್ಲೆ ಚಿಕ್ಕದು, ಬ್ಯಾಟರಿ ಬೇಗ ಮುಗಿಯುತ್ತದೆ, ಬಿಸಿ ಮುಖದ ಶಾಖ ಹೊರಹೋಗದಿದ್ದರೆ ತಂಪು ಮುಖವೂ ಬೆಚ್ಚಗಾಗುತ್ತದೆ. ಬಸ್ಸಿಗಾಗಿ ಕಾಯುವ ಹತ್ತು ಹದಿನೈದು ನಿಮಿಷಕ್ಕೆ ಸರಿ, ದಿನದ ದುಡಿಮೆಗೆ ಅಲ್ಲ.

ಹಂತ 3: ಕೆಲಸಕ್ಕೆ ತಕ್ಕಂತೆ ಆರಿಸಿ

ಸ್ಕೂಟರ್, ಬೈಕ್ ಓಡಿಸುವವರಿಗೆ ಗಾಳಿ ಪುಕ್ಕಟೆ ಸಿಗುತ್ತದೆ. ಫ್ಯಾನ್ ಬೇಡ. ತೆಳು ಬಣ್ಣದ ತೋಳುಗವಸು, ಹೆಲ್ಮೆಟ್ ಒಳಗೆ ತೆಳ್ಳಗಿನ ಹತ್ತಿಯ ಟೋಪಿ ಇವುಗಳನ್ನು ಒದ್ದೆ ಮಾಡಿಕೊಂಡು ಹೊರಡಿ. ನಂತೂರಿನಲ್ಲೋ ಕಲ್ಸಂಕದಲ್ಲೋ ವಾಹನಗಳ ಸಾಲಿನಲ್ಲಿ ನಿಂತಾಗ ಮಾತ್ರ ಸೆಕೆ ಏರುತ್ತದೆ. ಅದಕ್ಕೆ ಬೇಕೆನಿಸಿದರೆ ಅಂಗಿಯೊಳಗೆ ತೆಳು ಪಿಸಿಎಂ ವೆಸ್ಟ್. ಕುತ್ತಿಗೆ ಫ್ಯಾನ್ ಹಾಕಿಕೊಂಡು ಬೈಕ್ ಓಡಿಸಬೇಡಿ. ಹೆಲ್ಮೆಟ್ಟಿನ ಪಟ್ಟಿಗೆ ತೊಡಕಾಗುತ್ತದೆ, ಬಿದ್ದರೆ ಕುತ್ತಿಗೆಗೇ ಏಟು.

ಬಿಸಿಲಿನಲ್ಲಿ ನಿಂತು ದುಡಿಯುವವರಿಗೆ, ಮೇಸ್ತ್ರಿಗಳಿಗೆ, ತೋಟದ ಕೆಲಸದವರಿಗೆ ಫ್ಯಾನ್ ಜಾಕೆಟ್ ಉತ್ತಮ. ವೆಲ್ಡಿಂಗ್, ಗ್ರೈಂಡಿಂಗ್ ಮಾಡುವವರು ಅದನ್ನು ತೊಡಲೇಬಾರದು. ಫ್ಯಾನ್ ಕಿಡಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಕೆಂಪುಕಲ್ಲು ಕೊಯ್ಯುವ ಜಾಗದಲ್ಲಿಯೂ ದೂಳಿನಿಂದಾಗಿ ಅದು ಕೆಲಸಕ್ಕೆ ಬಾರದು. ಇವರಿಗೆ ಪಿಸಿಎಂ ವೆಸ್ಟ್ ಸರಿ, ವೆಲ್ಡಿಂಗ್ ಮಾಡುವವರು ಅದನ್ನು ಬೆಂಕಿ ತಾಳುವ ಅಂಗಿಯ ಒಳಗೆ ತೊಡಬೇಕು.

ಬಂದರಿನವರಿಗೆ ಐಸ್ ಕೈಗೆಟಕುವಷ್ಟು ಹತ್ತಿರವಿದೆ, ಪ್ಯಾಕ್‌ಗಳನ್ನು ಮತ್ತೆ ಗಟ್ಟಿ ಮಾಡಿಕೊಳ್ಳುವುದು ಸುಲಭ. ಉತ್ಸವ, ಕಂಬಳ, ಜಾತ್ರೆ ನೋಡಲು ಹೋಗುವವರಿಗೆ ಕುತ್ತಿಗೆ ಫ್ಯಾನ್ ಮತ್ತು ಪಾಣಿಪಂಚೆ ಸಾಕು, ದೊಡ್ಡ ಖರ್ಚು ಬೇಡ. ತಲೆಗೆ ಅಡಕೆ ಹಾಳೆಯ ಮುಟ್ಟಾಳೆ ಇಂದಿಗೂ ಒಳ್ಳೆಯದು. ಹಗುರ, ಬಿಸಿಲು ತೂರಿ ಬರುವುದಿಲ್ಲ, ಬೆವರನ್ನು ಹೀರಿ ಭಾರವಾಗುವುದಿಲ್ಲ.

ಹಂತ 4: ಕೊಳ್ಳುವಾಗ ಪರೀಕ್ಷಿಸಿ

ಫ್ಯಾನ್ ಜಾಕೆಟ್‌ನ ಬಟ್ಟೆ ಒತ್ತಾಗಿ ನೇಯ್ದದ್ದಾಗಿರಬೇಕು. ಬಟ್ಟೆಯನ್ನು ತುಟಿಗೆ ಹಿಡಿದು ಊದಿ, ಗಾಳಿ ಆಚೆ ಸುಲಭವಾಗಿ ಹೋದರೆ ಬೇಡ. ಜಾಕೆಟ್ ಉಬ್ಬಿ, ಗಾಳಿ ಕತ್ತು ಮತ್ತು ತೋಳಿನ ಕೊನೆಯಿಂದ ಹೊರಬರಬೇಕು. ಸೊಂಟದ ಎಲಾಸ್ಟಿಕ್ ಬಿಗಿಯಾಗಿರಬೇಕು. ಮಾಮೂಲಿ ಅಳತೆಗಿಂತ ಒಂದು ಅಳತೆ ದೊಡ್ಡದು ಕೊಳ್ಳಿ.

ಪವರ್ ಬ್ಯಾಂಕ್‌ನ 5 ವೋಲ್ಟ್‌ನಲ್ಲಿ ಓಡುವ ಫ್ಯಾನ್ ಅಗ್ಗ, ಗಾಳಿಯೂ ಕಡಿಮೆ. ಹೆಚ್ಚಿನ ವೋಲ್ಟ್‌ನ ಸ್ವಂತ ಬ್ಯಾಟರಿ ಇರುವವು ಜೋರಾಗಿ ಬೀಸುತ್ತವೆ. ಎಷ್ಟು ಹೊತ್ತು ಓಡುತ್ತದೆ ಎಂಬ ಜಾಹೀರಾತಿನ ಮಾತು ಸಾಮಾನ್ಯವಾಗಿ ಅತಿ ಕಡಿಮೆ ವೇಗದ ಲೆಕ್ಕ. ನೀವೇ ಲೆಕ್ಕ ಹಾಕಿ: 10,000 ಎಂಎಎಚ್ ಪವರ್ ಬ್ಯಾಂಕ್‌ನಲ್ಲಿ 37 ವಾಟ್‌ಗಂಟೆ ಇರುತ್ತದೆ, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. 5 ವಾಟ್ ಎಳೆಯುವ ಜಾಕೆಟ್ ಐದಾರು ಗಂಟೆ ಓಡೀತು, 10 ವಾಟ್ ಎಳೆಯುವುದು ಅದರ ಅರ್ಧ.

ಬ್ಯಾಟರಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿಯ ಗುರುತು ಇದೆಯೇ ನೋಡಿ. ಲಿಥಿಯಂ ಬ್ಯಾಟರಿಗೆ ಐಎಸ್ 16046 ಎಂಬ ಸಂಖ್ಯೆ ಇರಬೇಕು. ಕುತ್ತಿಗೆಗೆ ಆತುಕೊಂಡಿರುವ ಬ್ಯಾಟರಿಯಲ್ಲಿ ಅಗ್ಗದ ಮಾಲಿಗೆ ರಾಜಿಯಾಗಬೇಡಿ. ಉದ್ದ ಕೂದಲಿನವರು ರೆಕ್ಕೆ ಹೊರಗೆ ಕಾಣುವ ಕುತ್ತಿಗೆ ಫ್ಯಾನ್ ಬಿಟ್ಟು, ರೆಕ್ಕೆ ಒಳಗೆ ಮುಚ್ಚಿರುವುದನ್ನು ಕೊಳ್ಳಿ.

ಪಿಸಿಎಂ ವೆಸ್ಟ್‌ನಲ್ಲಿ ಕರಗುವ ಬಿಸಿ ಎಷ್ಟು, ಪ್ಯಾಕ್‌ಗಳ ಒಟ್ಟು ತೂಕ ಎಷ್ಟು ಎಂದು ಕೇಳಿ. ಈ ಎರಡು ಅಂಕಿ ಬರೆಯದ ವೆಸ್ಟ್ ಬೇಡ. ಎರಡು ಕಿಲೋ ಪ್ಯಾಕ್ ಇರುವುದು ಸಾಧಾರಣ ದುಡಿಮೆಯಲ್ಲಿ ಒಂದರಿಂದ ಒಂದೂವರೆ ಗಂಟೆ ಬರುತ್ತದೆ. ದಿನವಿಡೀ ಬರುತ್ತದೆ ಎಂದರೆ ನಂಬಬೇಡಿ. ಪ್ಯಾಕ್‌ಗಳ ಇನ್ನೊಂದು ಜೊತೆಯನ್ನು ಸೇರಿಸಿಯೇ ಬೆಲೆಯ ಲೆಕ್ಕ ಹಾಕಿ.

ಹಂತ 5: ಸಿದ್ಧಪಡಿಸಿ, ತೊಡಿ

15 ಡಿಗ್ರಿಯ, 21 ಡಿಗ್ರಿಯ ಪ್ಯಾಕ್‌ಗೆ ಫ್ರೀಜರ್ ಬೇಕಿಲ್ಲ. ಫ್ರಿಜ್ಜಿನ ಸಾಮಾನ್ಯ ಅರೆಯಲ್ಲಿ ರಾತ್ರಿ ಚಪ್ಪಟೆಯಾಗಿ ಹರಡಿಡಿ, ಒಂದರ ಮೇಲೊಂದು ಪೇರಿಸಬೇಡಿ. ಕೆಲಸದ ಜಾಗದಲ್ಲಿ ಮೀನಿನವರ ಬಳಿ ಇರುವಂಥ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಮತ್ತು ನೀರು ಬೆರೆಸಿ ಅದರಲ್ಲಿ ಮುಳುಗಿಸಿದರೆ ಅರ್ಧ ಗಂಟೆಯ ಹೊತ್ತಿಗೆ ಮತ್ತೆ ಗಟ್ಟಿಯಾಗುತ್ತದೆ. ಬರೀ ಐಸ್ ಮೇಲೆ ಇಡುವುದಕ್ಕಿಂತ ಐಸ್ ನೀರು ಬೇಗ ತಣಿಸುತ್ತದೆ. ಒಂದು ಜೊತೆ ಮೈಮೇಲಿರುವಾಗ ಇನ್ನೊಂದು ಜೊತೆ ಪೆಟ್ಟಿಗೆಯಲ್ಲಿರಲಿ.

ಐಸ್ ಪ್ಯಾಕ್ ಅನ್ನು ಬರಿಮೈಗೆ ತಾಗಿಸಲೇಬಾರದು. ನಡುವೆ ಒಂದು ಬನಿಯನ್ ಇರಲಿ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಮಂದವಾದವರಿಗೆ ಚಳಿಯಿಂದ ಚರ್ಮ ಸುಟ್ಟರೂ ತಿಳಿಯುವುದಿಲ್ಲ, ಅವರು ಐಸ್ ಬಿಟ್ಟು ಪಿಸಿಎಂ ಬಳಸಲಿ. ಹೃದಯದ ತೊಂದರೆ ಇರುವವರು, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ತಂಪು ವೆಸ್ಟ್ ತೊಡಬೇಕು.

ವೆಸ್ಟ್ ಮೈಗೆ ಅಂಟಿ ಕೂರಬೇಕು, ಸಡಿಲವಾದರೆ ನಡುವಿನ ಗಾಳಿ ತಂಪನ್ನು ತಡೆಯುತ್ತದೆ. ಫ್ಯಾನ್ ಜಾಕೆಟ್ ಇದಕ್ಕೆ ತಿರುಗುಮುರುಗು. ಒಳಗೆ ಗಾಳಿ ಓಡಾಡಲು ಜಾಗ ಬೇಕು, ಮೇಲೆ ಬೆನ್ನಚೀಲ ಹಾಕಿದರೆ ಫ್ಯಾನಿನ ಬಾಯಿ ಮುಚ್ಚಿಹೋಗುತ್ತದೆ. ವೆಸ್ಟ್ ತೊಟ್ಟು ಅದರ ಮೇಲೆ ಫ್ಯಾನ್ ಜಾಕೆಟ್ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಬೇಡ. ಬೀಸುವ ಗಾಳಿ ಪ್ಯಾಕ್‌ಗಳನ್ನು ಬೇಗ ಕರಗಿಸುತ್ತದೆ, ವೆಸ್ಟ್ ಬೆವರನ್ನು ಮುಚ್ಚುತ್ತದೆ, ಎರಡರ ಗುಣವೂ ಕೆಡುತ್ತದೆ. ಜಾಕೆಟ್ ತೊಟ್ಟು ದುಡಿಯಿರಿ, ವಿರಾಮದಲ್ಲಿ ನೆರಳಿಗೆ ಬಂದು ಅದನ್ನು ಕಳಚಿ ವೆಸ್ಟ್ ತೊಡಿ. ಎರಡೂ ಇದ್ದವರಿಗೆ ಇದೇ ಸರಿಯಾದ ಕ್ರಮ.

ಪ್ಯಾಕ್ ಕರಗಿ ಮೆತ್ತಗಾದ ಕೂಡಲೇ ತೆಗೆಯಿರಿ. ಕರಗಿದ ವೆಸ್ಟ್ ಮೈಮೇಲಿನ ಕಂಬಳಿಯೇ ಸರಿ.

ಹಂತ 6: ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರಿ

ಇದು ಈ ಲೇಖನದಲ್ಲಿ ದಯವಿಟ್ಟು ಎರಡು ಸಲ ಓದಬೇಕಾದ ಭಾಗ. ಕುತ್ತಿಗೆಗೆ ತಂಪು ತಗುಲಿದಾಗ ಮೈಯೆಲ್ಲ ತಣ್ಣಗಾದಂತೆ ಅನಿಸುತ್ತದೆ, ಆದರೆ ಒಳಗಿನ ಬಿಸಿ ಅಷ್ಟೇನೂ ಇಳಿದಿರುವುದಿಲ್ಲ. ಮೆಂಥಾಲ್ ಇರುವ ತಂಪು ಸ್ಪ್ರೇ, ತಂಪು ಪೌಡರ್ ಇನ್ನೂ ಮೋಸ, ಅವು ಅನಿಸಿಕೆಯನ್ನಷ್ಟೇ ಬದಲಿಸುತ್ತವೆ. ಹಾಯೆನಿಸಿತೆಂದು ವಿರಾಮ ಬಿಟ್ಟು ದುಡಿದರೆ ಅಪಾಯ. ಬಾಯಾರಿಕೆಯೂ ಕಡಿಮೆ ಗೊತ್ತಾಗುತ್ತದೆ, ಆದ್ದರಿಂದ ಗಡಿಯಾರ ನೋಡಿ ಅರ್ಧ ಗಂಟೆಗೊಮ್ಮೆ ನೀರು ಕುಡಿಯಿರಿ. ಉಪ್ಪು ಹಾಕಿದ ಗಂಜಿ ತಿಳಿ, ಮಜ್ಜಿಗೆ ಒಳ್ಳೆಯದು.

ತಲೆನೋವು, ವಾಕರಿಕೆ, ಸ್ನಾಯು ಸೆಳೆತ ಬಂದರೆ ಅಲ್ಲಿಗೆ ಕೆಲಸ ನಿಲ್ಲಿಸಿ ನೆರಳು ಸೇರಿ. ಜೊತೆಯವರು ತೊದಲತೊಡಗಿದರೆ, ಗೊಂದಲದಿಂದ ಮಾತಾಡಿದರೆ, ಕುಸಿದರೆ ಅದು ಬಿಸಿಲಾಘಾತ ಎಂದೇ ತಿಳಿದು 108ಕ್ಕೆ ಕರೆ ಮಾಡಿ. ಬೆವರು ಬರುತ್ತಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ, ದುಡಿಯುತ್ತಾ ಬಿದ್ದವರಲ್ಲಿ ಬೆವರು ಇರಬಹುದು. ಆಂಬುಲೆನ್ಸ್ ಬರುವವರೆಗೆ ಕಾಯದೆ ಮೈಮೇಲೆ ಧಾರಾಳವಾಗಿ ನೀರು ಸುರಿದು ಗಾಳಿ ಬೀಸಿ, ಕಂಕುಳು, ಕತ್ತು, ತೊಡೆಸಂದಿಗೆ ಬಟ್ಟೆ ಸುತ್ತಿದ ಐಸ್ ಇಡಿ. ಪ್ರಜ್ಞೆ ಸರಿಯಿಲ್ಲದವರಿಗೆ ಏನನ್ನೂ ಕುಡಿಸಬೇಡಿ.

ಹಂತ 7: ತೊಳೆಯುವುದು, ಎತ್ತಿಡುವುದು

ಬೆವರಿನ ಉಪ್ಪು ಮತ್ತು ಕಡಲಗಾಳಿಯ ಉಪ್ಪು ಎರಡೂ ಸೇರಿ ಫ್ಯಾನಿನ ಲೋಹದ ತುದಿಗಳನ್ನು ತಿನ್ನುತ್ತವೆ. ದಿನವೂ ಸಂಜೆ ಒಣ ಬಟ್ಟೆಯಿಂದ ಒರೆಸಿ. ಫ್ಯಾನ್, ಬ್ಯಾಟರಿ, ಪ್ಯಾಕ್ ಎಲ್ಲ ಕಳಚಿದ ಮೇಲೆಯೇ ಬಟ್ಟೆಯನ್ನು ಕೈಯಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಬ್ಯಾಟರಿಯನ್ನು ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಾಗಲಿ ಕಾರಿನಲ್ಲಾಗಲಿ ಬಿಡಬೇಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕದೆ ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ.

ಜೂನ್ ಮೊದಲ ಮಳೆಗೆ ಮುಂಚೆ, ಬಿಸಿಲು ಇನ್ನೂ ಇರುವಾಗಲೇ ಕೊನೆಯ ಸಲ ಒಗೆದು ಪೂರ್ತಿ ಒಣಗಿಸಿ. ಸ್ವಲ್ಪ ಹಸಿ ಉಳಿದರೂ ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಬೂಸ್ಟು ಹಿಡಿದಿರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಪಿಸಿಎಂ ಪ್ಯಾಕ್‌ಗಳನ್ನು ಮಡಚದೆ ಚಪ್ಪಟೆಯಾಗಿಡಿ, ಮಡಚಿದ ಗೆರೆಯಲ್ಲೇ ಅವು ಸೋರತೊಡಗುವುದು. ಬ್ಯಾಟರಿಯನ್ನು ಪೂರ್ತಿ ತುಂಬಿಯೂ ಇಡಬಾರದು, ಖಾಲಿ ಮಾಡಿಯೂ ಇಡಬಾರದು. ಅರ್ಧ ಚಾರ್ಜ್ ಇಟ್ಟು, ಎರಡು ತಿಂಗಳಿಗೊಮ್ಮೆ ನೋಡಿ, ಇಳಿದಿದ್ದರೆ ಮತ್ತೆ ಅರ್ಧಕ್ಕೆ ತನ್ನಿ.